ಸಾವಿನ ಮನೆಯಲ್ಲಿ ‘ಹೋಗಿ ಬರ್ತೀನಿ’ ಅಂದವನು

(ಹಾಸನದಲ್ಲಿ ಓದುವ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಕರೆಂಟ್ ಹೋಗಿ ಮೈಕ್ ನಿಂತಿತ್ತು. ಆಗ ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಲಿಲ್ಲವಂತೆ. ಅದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕ್ರೈಮ್ ಥ್ರಿಲ್ಲರ್ ಬರೆಯುವುದು ಹೇಗೆ ಅಂತ ಹೇಳಿ ಅಂದರು. ಹೇಗೆ ಬರೆಯಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಮನೆ. ಯಜಮಾನರು ತೀರಿಕೊಂಡಿದ್ದಾರೆ. ಹೆಂಡತಿ ಇದ್ದಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಇದ್ದಾಳೆ, ಇನ್ನೂ ಕಾಲೇಜಿಗೆ ಹೋಗುವ ಮಗ ಇದ್ದಾನೆ. ಕಣ್ಣೀರು ಆರಿಲ್ಲ, ಅಷ್ಟರಲ್ಲಿ ಕೆಟ್ಟವರ ಕಣ್ಣು ಆ ಮನೆ ಮೇಲೆ ಬೀಳುತ್ತದೆ. ನನ್ನ ಕಾದಂಬರಿಯ ಕತೆ ಇಷ್ಟೇ. ಮೊದಲ ಸಲ ಬರೆದಾಗ ಐದನೇ ಅಧ್ಯಾಯದಲ್ಲಿ ರಾತ್ರಿ ಎರಡು ಗಂಟೆಗೆ ಕಪ್ಪು ಜೀಪ್ ಬಂದಿತ್ತು. ನಾಲ್ಕು ಜನ ಇಳಿದರು. ಬಾಗಿಲು ಒಡೆದರು. ಬರೆಯುವಾಗ ನನಗೇ ಮೈ ಜುಮ್ ಅಂದಿತ್ತು.

ಆಲೂರಿನಲ್ಲಿರುವ ನಮ್ಮ ಸೋದರತ್ತೆಗೆ ಅದನ್ನು ಓದಲು ಕೊಟ್ಟೆ. ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತರಿಸಿಕೊಂಡು, ಒಲೆ ಮುಂದೆ ಕೂತು, ಸಾರು ಉಕ್ಕಿಸಿಕೊಂಡು ಓದಿದವರು. ಐದನೇ ಅಧ್ಯಾಯಕ್ಕೆ ಬಂದಾಗ ಕನ್ನಡಕ ತೆಗೆದರು.

“ಅಲ್ಲ ಕಣೋ, ಸಾವಿನ ಮನೆ ಬಾಗ್ಲು ಯಾಕೋ ಒಡೀತಾರೆ? ತೆಗ್ದೇ ಇರುತ್ತಲ್ಲ.”

ಮುನ್ನೂರು ಪುಟ ಆ ಒಂದು ಮಾತಿಗೆ ಬಿದ್ದುಹೋಯಿತು.

ನೀವೇ ನೆನಪು ಮಾಡಿಕೊಳ್ಳಿ. ಸಾವಿನ ಮನೆಗೆ ಬಂದವರನ್ನು ‘ಯಾರು ನೀವು’ ಅಂತ ಯಾರಾದರೂ ಕೇಳಿದ್ದು ನೋಡಿದ್ದೀರಾ? ಅಂಗಳದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ. ಬಂದವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ಕೈ ಮುಗಿಯುತ್ತಾರೆ, ಹೊರಗೆ ಬಂದು ಕೂರುತ್ತಾರೆ. ಅಮ್ಮ ಅಂದುಕೊಳ್ಳುತ್ತಾರೆ, ಇವರಿಗೆ ಗೊತ್ತಿದ್ದವರಿರಬೇಕು. ಚಿಕ್ಕಪ್ಪ ಅಂದುಕೊಳ್ಳುತ್ತಾರೆ, ಅತ್ತಿಗೆ ಕಡೆಯವರಿರಬೇಕು. ಮಕ್ಕಳಿಗಂತೂ ಯಾರೂ ಗೊತ್ತಿಲ್ಲ. ಪಕ್ಕದ ಮನೆಯವರು ತಂದ ಅನ್ನ ಸಾರು ಬಂದವರಿಗೆಲ್ಲ ಬಡಿಸುತ್ತಾರೆ. ಮದುವೆ ಮನೆಯಲ್ಲಾದರೂ ಕರೆಯದೆ ಬಂದವನನ್ನು ಹಿಡಿಯಬಹುದು. ಇಲ್ಲಿ ಯಾರನ್ನೂ ಕರೆದಿರುವುದಿಲ್ಲ. ಹಾಗಾಗಿ ಬಂದವರೆಲ್ಲ ನಮ್ಮವರೇ.

ಈಗ ಫ್ಲೆಕ್ಸ್ ಬೇರೆ. ಬಸ್ ಸ್ಟ್ಯಾಂಡಿನ ಎದುರು ಯಜಮಾನರ ನಗುವ ಫೋಟೋ, ಮೇಲೆ ಶ್ರದ್ಧಾಂಜಲಿ, ಕೆಳಗೆ ತೀರಿಕೊಂಡ ದಿನ, ತಿಥಿಯ ದಿನ, ಮನೆಯ ವಿಳಾಸ, ಮಕ್ಕಳ ಮೊಬೈಲ್ ನಂಬರ್. ಈ ಮನೆಯಲ್ಲಿ ಇನ್ನು ಗಂಡಸು ದಿಕ್ಕಿಲ್ಲ ಅಂತ ನಾವೇ ಹತ್ತು ಅಡಿ ಎತ್ತರಕ್ಕೆ ಬರೆಸಿ ಕಟ್ಟುತ್ತೇವೆ. ನನ್ನ ಕಾದಂಬರಿಯ ಖಳನಾಯಕನಿಗೆ ಗೂಢಚಾರರೇ ಬೇಕಾಗಲಿಲ್ಲ. ಅವನು ಬಸ್ಸಿಗೆ ಕಾಯುತ್ತಾ ನಿಂತಿದ್ದ, ಓದಿಕೊಂಡ.

ಇದು ನನಗೆ ಹೊಳೆದಿದ್ದು ಕಲ್ಪನೆಯಿಂದಲ್ಲ. ನಮ್ಮಪ್ಪ ಹೋದ ಐದನೇ ದಿನ ಒಬ್ಬರು ಬಂದರು. ಬಿಳಿ ಶರ್ಟು, ಜೇಬಿನಲ್ಲಿ ಸಣ್ಣ ಡೈರಿ. ಅರ್ಧ ಗಂಟೆ ಅಪ್ಪನ ಗುಣಗಾನ ಮಾಡಿದರು. ಆಮೇಲೆ ಡೈರಿ ತೆಗೆದು ಒಂದು ಪುಟ ತೋರಿಸಿದರು. ಅಪ್ಪನ ಹೆಸರು, ಎದುರಿಗೆ ನಲವತ್ತು ಸಾವಿರ. ಅಪ್ಪನ ಸಹಿ ಇರಲಿಲ್ಲ. ಅಮ್ಮ ಒಂದು ಮಾತೂ ಆಡದೆ ಒಳಗೆ ಹೋಗಿ, ತಿಥಿಗೆ ಅಂತ ಇಟ್ಟಿದ್ದ ದುಡ್ಡು ತಂದು ಕೊಟ್ಟರು. “ಹೋದವರ ಮೇಲೆ ಸಾಲ ಇರಬಾರದು” ಅಂದರು. ಆ ಸಾಲ ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅಂತ ನನಗೂ ಅವತ್ತು ಅನ್ನಿಸಲಿಲ್ಲ. ಬಾಗಿಲ ತನಕ ಹೋಗಿ ಛತ್ರಿ ಎತ್ತಿಕೊಟ್ಟವನೂ ನಾನೇ.

ಹಾಗಾಗಿ ಐದನೇ ಅಧ್ಯಾಯ ಹರಿದು ಮತ್ತೆ ಬರೆದೆ. ಜೀಪ್ ಇಲ್ಲ, ಮಚ್ಚಿಲ್ಲ. ಮೂರನೇ ದಿನ. ಬೆಳಿಗ್ಗೆ ಹಾಲು ತುಪ್ಪ ಬಿಟ್ಟು ಬಂದಿದ್ದಾರೆ. ಮಧ್ಯಾಹ್ನ ಮಳೆ. ಜಗಲಿಯ ಗೂಟದಲ್ಲಿ ಬಂದವರ ರೇನ್‌ಕೋಟುಗಳು ಒಂದರ ಮೇಲೊಂದು ನೇತಾಡುತ್ತಿವೆ, ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಅವರ ನಡುವೆ ಒಬ್ಬ ಕೂತಿದ್ದಾನೆ. ಐವತ್ತರ ಆಸುಪಾಸು, ಮೆತ್ತಗಿನ ದನಿ. ಜೊತೆಗೆ ಇಬ್ಬರು ಹುಡುಗರು, ಅವರು ಮಾತೇ ಆಡುವುದಿಲ್ಲ. ಅವನು ಯಜಮಾನರ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾನೆ. “ನಮ್ಮಣ್ಣ ಇದ್ದಂಗೆ ಇದ್ರು ಕಣಮ್ಮ” ಅನ್ನುತ್ತಾನೆ. ಮಗನನ್ನು ನೋಡಿ, “ಹಾಸನದಲ್ಲಿ ಅಲ್ವೇನಪ್ಪ ಓದ್ತಿರೋದು? ಏಳು ಗಂಟೆ ಬಸ್ಸಿಗೆ ಹೋಗ್ತೀಯ” ಅನ್ನುತ್ತಾನೆ. ಅದು ಪ್ರಶ್ನೆಯಲ್ಲ. ಕಾಫಿ ಕುಡಿದು ಲೋಟ ಕೆಳಗಿಡುತ್ತಾನೆ. ಏಳುತ್ತಾನೆ. ಬಾಗಿಲ ಹತ್ತಿರ ನಿಂತು, ಹಿಂತಿರುಗಿ, ಆ ತಾಯಿಗೆ ಹೇಳುತ್ತಾನೆ:

“ಹೋಗಿ ಬರ್ತೀನಮ್ಮ.”

ಇಲ್ಲಿ ಕೂತಿರುವ ಹಿರಿಯರು ಈಗಲೇ ಮುಖ ಕಿವಿಚಿದ್ದು ಕಾಣಿಸಿತು. ಗೊತ್ತಲ್ಲ, ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳುವಂತಿಲ್ಲ. ಬೇರೆ ಎಲ್ಲ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ತಪ್ಪು, ‘ಹೋಗಿ ಬರ್ತೀನಿ’ ಅನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಸುಮ್ನೆ ಎದ್ದು ಹೋಗಬೇಕು. ಮತ್ತೆ ಬರುವಂಥ ಕಾರಣ ಆ ಮನೆಗೆ ಬರಬಾರದು ಅಂತ. ತಿಥಿ ಊಟದ ಎಲೆಯೂ ಹಾಗೇ. ಮದುವೆಯಲ್ಲಿ ನಮ್ಮ ಕಡೆಗೆ ಮಡಚಿದರೆ ಇಲ್ಲಿ ಆಚೆ ಕಡೆಗೆ. ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ತಪ್ಪು ಮಾಡಿದಾಗ ಅಜ್ಜಿ ತೊಡೆ ಚಿವುಟಿದ್ದಾರೆ, ಅಷ್ಟೇ.

ಆ ಮನುಷ್ಯ ಬೈಯಲಿಲ್ಲ, ಕೈ ಎತ್ತಲಿಲ್ಲ. ಎಲ್ಲರೂ ದಿನಾ ಆಡುವ ಎರಡು ಪದ ಆಡಿದ. ಜಗಲಿ ಪೂರ್ತಿ ಸ್ತಬ್ಧ ಆಯಿತು. ಗೊತ್ತಿಲ್ಲದೆ ಬಾಯಿ ತಪ್ಪಿ ಅಂದನೋ, ಬೇಕಂತಲೇ ಅಂದನೋ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ತಾಯಿಗೆ ಮಾತ್ರ ಅನುಮಾನ ಇರಲಿಲ್ಲ. ನನ್ನ ಮಟ್ಟಿಗೆ ನಮ್ಮ ಕಡೆಯ ಬೆದರಿಕೆ ಅಂದರೆ ಇದು. ನಮ್ಮೂರುಗಳಲ್ಲಿ ನಿಜವಾಗಿ ಹೆದರಿಸುವವನು ಕಿರುಚುವುದಿಲ್ಲ. ಅವನು ಕ್ಷೇಮ ಸಮಾಚಾರ ಕೇಳುತ್ತಾನೆ.

ಅವನಿಗೆ ಬೇಕಾಗಿರುವುದು ತೋಟ. ಯಜಮಾನರು ಮೀಟರ್ ಬಡ್ಡಿಗೆ ಸಾಲ ತೆಗೆದಿದ್ದರು, ಖಾಲಿ ಚೆಕ್ ಕೊಟ್ಟಿದ್ದರು ಅನ್ನುವುದು ಅವನ ವಾದ. ಅಪ್ಪನ ಸಾಲ ಮಗ ತೀರಿಸಲೇಬೇಕು ಅನ್ನುವ ನಂಬಿಕೆ ಅವನ ದೊಡ್ಡ ಆಯುಧ. ನಮ್ಮಮ್ಮ ದುಡ್ಡು ತಂದು ಕೊಟ್ಟಿದ್ದೂ ಅದೇ ನಂಬಿಕೆಗೆ. ಆದರೆ ಕಾನೂನು ಎಲ್ಲೋ ಮುಂದೆ ಹೋಗಿಬಿಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತಲ್ಲ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅದಾದ ಮೇಲೆ ಮಾಡಿದ ಸಾಲವನ್ನು ಅಪ್ಪನ ಋಣ ತೀರಿಸುವುದು ಮಗನ ಧರ್ಮ ಅನ್ನುವ ಒಂದೇ ಕಾರಣಕ್ಕೆ ಮಗನಿಂದ, ಮೊಮ್ಮಗನಿಂದ ವಸೂಲಿ ಮಾಡುವ ಹಾಗಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸಾಲ. ಅದಕ್ಕೂ ಕೋರ್ಟಿಗೆ ಹೋಗಬೇಕು, ಜಗಲಿಗಲ್ಲ.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಿರು ಸಾಲ, ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಕಾನೂನು ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರಲ್ಲಿ ಬಲವಂತ ಅಂದರೆ ಏನೇನು ಅಂತ ಪಟ್ಟಿ ಇದೆ. ಸಾಲ ತೆಗೆದವರ ಮನೆಯವರನ್ನು ಹೆದರಿಸುವುದು, ಬೆನ್ನು ಬೀಳುವುದು, ಪದೇ ಪದೇ ಮನೆಗೆ ಬರುವುದು. ಓದಿ ಒಂದು ಕ್ಷಣ ಸುಮ್ಮನೆ ಕೂತೆ. ‘ಹೋಗಿ ಬರ್ತೀನಿ’ ಅನ್ನುವ ಮಾತನ್ನೇ ಕಾನೂನಿನ ಭಾಷೆಯಲ್ಲಿ ಬರೆದ ಹಾಗಿತ್ತು.

2005ರ ತಿದ್ದುಪಡಿ ಕತೆಯನ್ನೂ ಬದಲಾಯಿಸಿತು. ಹಳೇ ಕಾಲದ ಕತೆಯಾದರೆ ಮಗನ ಕೈಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು. ಈಗ ಅಮ್ಮನ ಸಹಿ ಬೇಕು, ಮಗಳ ಸಹಿಯೂ ಬೇಕು. ಮೊದಲ ಪ್ರತಿಯಲ್ಲಿ ಮಗಳು ಬರೀ ಅಳುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ಎರಡನೇ ಪ್ರತಿಯಲ್ಲಿ ಇಡೀ ಕತೆ ಅವಳ ಸಹಿಯ ಸುತ್ತ ತಿರುಗುತ್ತದೆ. ಅದಕ್ಕೆ ನನ್ನ ಸ್ತ್ರೀಪರ ಕಾಳಜಿ ಕಾರಣ ಅಂತ ಒಬ್ಬರು ಹೊಗಳಿದರು. ನಿಜ ಹೇಳಬೇಕು ಅಂದರೆ ಕಾರಣ ತಾಲ್ಲೂಕು ಕಚೇರಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ ಅಂತ ನಾನೂ ಅಲೆದಿದ್ದೇನೆ. ಖಾತೆ ಆಗುವ ತನಕ ಪಹಣಿಯಲ್ಲಿ ಸತ್ತವರ ಹೆಸರೇ ಇರುತ್ತದೆ. ಜಮೀನಿನ ಯಜಮಾನ ಗೋಡೆ ಮೇಲೆ ಹಾರ ಹಾಕಿಸಿಕೊಂಡು ಕೂತಿರುತ್ತಾನೆ. ಕೆಟ್ಟವರಿಗೆ ಆ ಸಮಯವೇ ಬೇಕು.

“ತೋಟದ ಮನೇಲಿ ಕೋವಿ ಇರಲ್ವಾ ಸಾರ್?” ಅಂತ ಇಲ್ಲಿ ಮುಂದಿನ ಸಾಲಿನವರು ಕೇಳಿದರು. ಇರುತ್ತದೆ. ಆದರೆ ಲೈಸೆನ್ಸ್ ಯಜಮಾನರ ಹೆಸರಿಗೆ. ಅವರು ತೀರಿಕೊಂಡ ಮೇಲೆ ಆ ಕೋವಿ ಇಟ್ಟುಕೊಳ್ಳುವ ಹಕ್ಕು ಮನೆಯವರಿಗೆ ತಾನಾಗಿ ಬರುವುದಿಲ್ಲ. 1959ರ ಶಸ್ತ್ರ ಕಾಯ್ದೆ ಪ್ರಕಾರ ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿ ನಮ್ಮ ಕಡೆಯವರಿಗಿಲ್ಲ. ನನ್ನ ಕತೆಯಲ್ಲಿ ಮಗ ಎಂಟನೇ ದಿನ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರುತ್ತಾನೆ. ರಸೀದಿ ತಂದು ಅಮ್ಮನ ಕೈಗೆ ಕೊಡುತ್ತಾನೆ. ಅಮ್ಮ ಅದನ್ನು ಮಡಚಿ ಯಜಮಾನರ ಫೋಟೋ ಹಿಂದೆ ಇಡುತ್ತಾರೆ. ಅಷ್ಟೇ ದೃಶ್ಯ. ಮನೆಯಿಂದ ಮನುಷ್ಯನೂ ಹೋದ, ಕೋವಿಯೂ ಹೋಯಿತು. ಅವತ್ತು ಸಂಜೆ ಬಾಗಿಲು ತೆರೆದೇ ಇದೆ.

ಇಲ್ಲೊಂದು ಅಡ್ಡ ಮಾತು. ಹಾಸನದಲ್ಲಿ ಮೈಕ್ ಹಿಡಿದ ಮೇಲೆ ಹಲ್ಮಿಡಿ ಹೆಸರೆತ್ತದೆ ಇಳಿಯುವ ಹಾಗಿಲ್ಲ. ಬೇಲೂರು ತಾಲ್ಲೂಕಿನ ಈ ಶಾಸನ ಸುಮಾರು ಕ್ರಿ.ಶ. 450ರದ್ದು. ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಶಾಲೆಯಲ್ಲಿ ಉರು ಹೊಡೆದೆವು. ಅದರಲ್ಲಿ ಇರುವುದೇನು ಅಂತ ಎಷ್ಟು ಜನ ನೋಡಿದ್ದೀರಿ? ಯುದ್ಧದಲ್ಲಿ ಹೋರಾಡಿದವನಿಗೆ ಎರಡು ಊರು ಕೊಟ್ಟಿದ್ದು. ಆ ದಾನದ ಹೆಸರು ‘ಬಾಳ್ಗಳ್ಚು’, ಕತ್ತಿ ತೊಳೆದು ಕೊಟ್ಟ ಭೂಮಿ. ಇದನ್ನು ಅಳಿಸಿದವರಿಗೆ ಮಹಾಪಾತಕ ಅಂತ ಎಚ್ಚರಿಕೆ ಬೇರೆ. ರಕ್ತ, ಜಮೀನು, ಬೆದರಿಕೆ. ನಮ್ಮ ಜಿಲ್ಲೆಯಲ್ಲಿ ಥ್ರಿಲ್ಲರ್ ಬರೆಯುವವನು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಸರಿ, ಒಳಗಿನವರ ವಿಷಯಕ್ಕೆ ಬರೋಣ. ಮನೆಯ ಗುಟ್ಟು ಹೊರಗೆ ಹೇಳಿದವರು ಯಾರು? ಈಗ ತೋಟಗಳಿಗೆ ಅಸ್ಸಾಂ ಕಡೆಯಿಂದೆಲ್ಲ ಕೆಲಸಕ್ಕೆ ಬರುತ್ತಾರೆ, ಲೈನ್ ಮನೆಗಳಲ್ಲಿ ಇರುತ್ತಾರೆ. ಅವರ ಮೇಲೆ ಅನುಮಾನ ಹಾಕಿಬಿಡುವುದು ಬರೆಯುವವನಿಗೆ ಸುಲಭ, ಓದುವವನಿಗೂ ಸುಲಭ. ನಾನು ಹಾಗೆ ಮಾಡಲಿಲ್ಲ. ಅವರಿಗೆ ಮನೆಯ ಬೀರು ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ ಮಾರಾಯರೇ. ಗೊತ್ತಿರುವುದು ರೈಟರ್‌ಗೆ. ತೋಟದ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ರೈಟರ್ ಅನ್ನುತ್ತೇವಲ್ಲ, ಅವರು. ಯಜಮಾನರ ಚೆಕ್ ಬುಕ್ ಎಲ್ಲಿದೆ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಕಾಫಿ ಯಾರಿಗೆ ಮಾರಿದೆ, ಹೆಂಡತಿಗೆ ಯಾವುದು ಗೊತ್ತಿಲ್ಲ, ಎಲ್ಲವೂ ಅವರಿಗೆ ಗೊತ್ತು.

ಇಲ್ಲಿ ಕಾನೂನು ನನಗಿಂತ ಮೊದಲೇ ಕತೆ ಯೋಚಿಸಿತ್ತು. ಸತ್ತವರ ಬಳಿ ಸಾಯುವಾಗ ಇದ್ದ ಆಸ್ತಿಯನ್ನು ವಾರಸುದಾರರ ಕೈ ಸೇರುವ ಮೊದಲೇ ಲಪಟಾಯಿಸುವುದು ಒಂದು ಬೇರೆಯೇ ಅಪರಾಧ. ಹಳೇ ಇಂಡಿಯನ್ ಪೀನಲ್ ಕೋಡ್, ಅಂದರೆ ಐಪಿಸಿಯಲ್ಲಿ 404ನೇ ಸೆಕ್ಷನ್. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 315. ಶಿಕ್ಷೆ ಮೂರು ವರ್ಷದವರೆಗೆ. ಆದರೆ ಕದ್ದವನು ಆ ಸತ್ತವರ ಬಳಿಯೇ ಗುಮಾಸ್ತನೋ ಆಳೋ ಆಗಿದ್ದರೆ ಏಳು ವರ್ಷದವರೆಗೆ! ಮೂರು ಎಲ್ಲಿ, ಏಳು ಎಲ್ಲಿ. ಇಂಡಿಯನ್ ಪೀನಲ್ ಕೋಡ್ 1860ರದ್ದು. ಅಷ್ಟು ಹಿಂದೆ ಯಾರೋ ಕೂತು, ಸಾವಿನ ಮನೆಯಲ್ಲಿ ಜಾಸ್ತಿ ಹೆದರಬೇಕಾಗಿರುವುದು ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ ಅಂತ ಲೆಕ್ಕ ಹಾಕಿದ್ದಾರೆ.

ನನ್ನ ರೈಟರ್ ಪೂರ್ತಿ ಕೆಟ್ಟವನಲ್ಲ. ಹೆಣ ಹೊತ್ತವರಲ್ಲಿ ಅವನೂ ಒಬ್ಬ. ನಿಜವಾಗಿಯೂ ಅತ್ತಿದ್ದಾನೆ. ಅವನಿಗೂ ಆ ‘ಹೋಗಿ ಬರ್ತೀನಿ’ ಅಂದವನ ಹತ್ತಿರವೇ ಸಾಲ ಇದೆ. ಇನ್ನು ಜಾಸ್ತಿ ಹೇಳಿದರೆ ನೀವು ಪುಸ್ತಕ ಕೊಳ್ಳುವುದಿಲ್ಲ.

ಪೊಲೀಸರಿಗೆ ಯಾಕೆ ಹೇಳುವುದಿಲ್ಲ ಅಂತ ಪ್ರತಿ ಥ್ರಿಲ್ಲರ್ ಓದುಗನೂ ಕೇಳುತ್ತಾನೆ. ಸಿನಿಮಾದಲ್ಲಾದರೆ ಮಗುವನ್ನು ಎತ್ತಿಕೊಂಡು ಹೋಗಿರುತ್ತಾರೆ, ಪೊಲೀಸರಿಗೆ ಹೇಳಿದರೆ ಕೊಂದುಬಿಡುತ್ತೇವೆ ಅಂತ. ನಮ್ಮಲ್ಲಿ ಅದೆಲ್ಲ ಬೇಡ. “ತಿಥಿ ಆಗ್ಲಿ ಬಿಡಿ” ಅಂದರೆ ಸಾಕು. ದೊಡ್ಡಪ್ಪ ಅದನ್ನೇ ಹೇಳುತ್ತಾರೆ, ಊರಿನವರು ಅದನ್ನೇ ಹೇಳುತ್ತಾರೆ. ಸೂತಕದಲ್ಲಿ ಠಾಣೆ ಮೆಟ್ಟಿಲು ಹತ್ತುವುದು ಬೇಡ, ಹೋದವರ ಹೆಸರು ಬೀದಿಗೆ ಬರುವುದು ಬೇಡ, ಹನ್ನೊಂದು ದಿನ ತಾನೇ. ಆ ಹನ್ನೊಂದು ದಿನವೇ ನನ್ನ ಕಾದಂಬರಿ. ಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ, ಟವರ್ ಸತ್ತಿರುತ್ತದೆ, 112 ಒತ್ತಿದರೂ ಹೋಗುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದು ಮಂಗಳೂರು ಕಡೆಯ ನೆಂಟರು ಆಚೆಯೇ ಉಳಿಯುತ್ತಾರೆ. ಸಂಜೆ ಆರರ ಮೇಲೆ ಆನೆ ಭಯಕ್ಕೆ ಯಾರೂ ತೋಟದ ದಾರಿಯಲ್ಲಿ ನಡೆಯುವುದಿಲ್ಲ. ಇದಾವುದನ್ನೂ ನಾನು ಹುಟ್ಟಿಸಬೇಕಾಗಿರಲಿಲ್ಲ. ನಿಮ್ಮಲ್ಲಿ ಸಕಲೇಶಪುರದವರಿಗೆ ಇದು ಥ್ರಿಲ್ಲರ್ ಅಲ್ಲ, ಜುಲೈ ತಿಂಗಳು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ಮೊದಲ ಹತ್ತು ಪುಟ ಅಳು ಇರುತ್ತದೆ, ಕೆಟ್ಟವರು ಬಂದ ಕೂಡಲೇ ಅಳು ನಿಂತುಹೋಗುತ್ತದೆ. ಎಲ್ಲರೂ ಓಡುವುದರಲ್ಲಿ, ಅಡಗುವುದರಲ್ಲಿ ಬಿಜಿ. ದುಃಖ ಹಾಗೆ ರಜೆ ಹಾಕುವುದಿಲ್ಲ. ಭಯ ಬಂದರೂ ಅದು ಪಕ್ಕದಲ್ಲೇ ಕೂತಿರುತ್ತದೆ.

ಈ ಮನೆಯಲ್ಲಿ ಯಜಮಾನರ ಗಂಬೂಟು ಇದೆ. ಮಳೆಗಾಲದಲ್ಲಿ ಅವರು ಅದನ್ನು ಹಾಕಿಕೊಂಡೇ ತೋಟಕ್ಕೆ ಇಳಿಯುತ್ತಿದ್ದರು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಅಂತ ಉಪ್ಪು ಸುಣ್ಣ ಕಟ್ಟಿದ ಬಟ್ಟೆ ಗಂಟು ಒಂದು ಅದರ ಪಕ್ಕದಲ್ಲೇ ಇರುತ್ತಿತ್ತು. ಸಂಜೆ ಅವರು ಬಂದು ಬಿಚ್ಚಿಟ್ಟ ಮೇಲೆ ಹೆಂಡತಿ ಅದನ್ನು ತೊಳೆದು, ಜಗಲಿಯ ಮೂಲೆಯಲ್ಲಿ ಎರಡು ಗೂಟಕ್ಕೆ ತಲೆಕೆಳಗು ಮಾಡಿ ಸಿಕ್ಕಿಸುತ್ತಿದ್ದರು. ನೆಟ್ಟಗೆ ಇಟ್ಟರೆ ಒಳಗೆ ಹಾವೋ ಚೇಳೋ ಸೇರಿಕೊಂಡೀತು ಅಂತ. ಮೂವತ್ತು ವರ್ಷದ ಅಭ್ಯಾಸ. ಯಜಮಾನರು ಹೋದ ಮೇಲೂ ಆ ತಾಯಿ ದಿನಾ ಸಂಜೆ ಬಂದು ಗಂಬೂಟು ಮುಟ್ಟಿ ನೋಡುತ್ತಾರೆ. ಒಣಗಿಕೊಂಡಿರುವುದನ್ನೇ ಮತ್ತೊಮ್ಮೆ ಒರೆಸಿ ಸಿಕ್ಕಿಸುತ್ತಾರೆ. ಮಗಳು ನೋಡುತ್ತಾಳೆ. ಏನೂ ಹೇಳುವುದಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಆ ತಾಯಿ ಬಾಗಿಲಿಗೆ ನೀರು ಹಾಕಲು ಬರುತ್ತಾರೆ. ಗಂಬೂಟು ನೆಟ್ಟಗೆ ನಿಂತಿದೆ. ಎರಡೂ. ಮೂತಿ ಬಾಗಿಲ ಕಡೆಗೆ. ಅಡಿಯಲ್ಲಿ ಹಸಿ ಮಣ್ಣು.

ಈ ದೃಶ್ಯ ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಮೊದಲ ಸಲ ಆಕೆ ಕಿರುಚಿದರು. ಆಮೇಲೆ ಆ ಕಿರುಚಾಟ ಹೊಡೆದುಹಾಕಿದೆ. ಒಂದು ಕ್ಷಣ, ಒಂದೇ ಕ್ಷಣ, ಆಕೆಗೆ ಖುಷಿಯಾಗುತ್ತದೆ. ತೋಟಕ್ಕೆ ಹೋಗಿ ಬಂದಿದ್ದಾರೆ ಅನ್ನಿಸುತ್ತದೆ. ಭಯ ಬರುವುದು ಅದಾದ ಮೇಲೆ.

ಕೊನೆ ಹೇಗೆ ಅಂತ ಕೇಳಿದ್ದಕ್ಕೆ ಸ್ವಲ್ಪ ಮಾತ್ರ ಹೇಳುತ್ತೇನೆ. ತಿಥಿಯ ದಿನ. ಊರೆಲ್ಲ ಪಂಕ್ತಿಯಲ್ಲಿ ಕೂತಿದೆ. ಅವನೂ ಬಂದಿದ್ದಾನೆ, ಇಬ್ಬರು ಹುಡುಗರ ಜೊತೆ. ಆ ತಾಯಿ ಪಂಕ್ತಿಯ ಮಧ್ಯೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: “ನಮ್ಮೆಜಮಾನ್ರು ಯಾರ‍್ಗೆ ಎಷ್ಟು ಕೊಡ್ಬೇಕೋ ಇಲ್ಲೇ ಹೇಳಿ. ಕಾಗ್ದ ಇದ್ರೆ ತೋರ‍್ಸಿ. ನಮ್ಮನೆ ಬಾಗ್ಲಿಗೆ ಬಂದು ಹೇಳ್ಬೇಡಿ.” ತೆರೆದ ಬಾಗಿಲಿನಿಂದ ಅವನು ಬಂದ ಹಾಗೆ ಊರೂ ಬಂದಿದೆಯಲ್ಲ.

ಇದಕ್ಕೆ ಇಲ್ಲೇ ಒಬ್ಬ ಹಿರಿಯರು ಎದ್ದು ನಿಂತು, “ಅವನೇನೂ ಹೆದ್ರಲ್ಲ ಸ್ವಾಮಿ, ಉಂಡು ಎದ್ದು ಹೋಗ್ತಾನೆ ಅಷ್ಟೇ” ಅಂದರು. ಇರಬಹುದು. ನಾನೂ ಅವನನ್ನು ಹಾಗೇ ಬರೆದಿದ್ದೇನೆ. ಅವನು ತಲೆ ಎತ್ತದೆ ಪೂರ್ತಿ ಊಟ ಮಾಡುತ್ತಾನೆ. ವಡೆ ಇನ್ನೊಂದು ಕೇಳಿ ಹಾಕಿಸಿಕೊಳ್ಳುತ್ತಾನೆ.

ಹೋದ ತಿಂಗಳು ಎರಡನೇ ಪ್ರತಿಯನ್ನೂ ಅತ್ತೆಗೆ ಕೊಟ್ಟೆ. ಎರಡೇ ದಿನದಲ್ಲಿ ಫೋನ್ ಮಾಡಿದರು. ಬಾಗಿಲು ಸರಿ ಹೋಗಿದೆ ಅಂದರು. ಗಂಬೂಟಿನ ಬಗ್ಗೆ ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾವ ಹೋಗಿ ಆರು ವರ್ಷ ಆಯಿತು. ಆಮೇಲೆ ಕೇಳಿದರು:

“ಆ ಮುಂಡೇಗಂಡ ಉಂಡು ಎದ್ನಲ್ಲ, ಎಲೆ ಯಾವ ಕಡೆಗೆ ಮಡಚ್ದ?”

ಬರೆದಿಲ್ಲ ಅತ್ತೆ ಅಂದೆ.

“ಬರಿ ಮತ್ತೆ” ಅಂತ ಫೋನ್ ಇಟ್ಟರು.